ಬಾಯಾರಿದರೆ ನೀರು

ಸಿರಿಯ ಹಲ್ಲು ಯಾವ ಸ್ಥಿತಿಯಲ್ಲಿದೆ ಎಂದು ಮನೆಯವರಿಗೆ ತಿಳಿದದ್ದು ಫೋಟೋ ಸ್ಟುಡಿಯೋದವನಿಂದ. ನರ್ಸರಿ ಶಾಲೆಯ ಅರ್ಜಿಗೆ ಅಂಟಿಸಲು ಫೋಟೋ ಬೇಕಿತ್ತು. ತನುಜಾ ಒಂದು ಶನಿವಾರ ಸಂಜೆ ಮಗಳಿಗೆ ಹಳದಿ ಫ್ರಾಕು ತೊಡಿಸಿ ಸವಳಂಗ ರಸ್ತೆಯ ಸ್ಟುಡಿಯೋಗೆ ಕರೆದುಕೊಂಡು ಹೋದಳು. ಅವನು ಸ್ಟೂಲಿನ ಮೇಲೆ ಕೂರಿಸಿ, "ನಗು ಪುಟ್ಟಿ" ಎಂದ. ಸಿರಿ ನಕ್ಕಳು. ಅವನು ಕ್ಯಾಮೆರಾದಿಂದ ತಲೆ ಎತ್ತಿ, "ಬಾಯಿ ಮುಚ್ಕೊಂಡು ನಗು, ಚೆನ್ನಾಗಿ ಬರುತ್ತೆ" ಎಂದ.

ಹಲ್ಲಿನ ಬಣ್ಣ ಕೆಟ್ಟಿದೆ ಎಂದು ತನುಜಾಗೆ ಗೊತ್ತಿಲ್ಲದೆ ಇರಲಿಲ್ಲ. ಆ ಮಾತು ಎತ್ತಿದಾಗಲೆಲ್ಲ ಅತ್ತೆ ವೀರಮ್ಮ, ಹಾಲುಹಲ್ಲು ಹೆಂಗಿದ್ರೂ ಬೀಳೋವೇ, ಅದಕ್ಕ್ಯಾಕೆ ತಲೆ ಕೆಡಿಸ್ಕೋತೀಯ ಅಂದುಬಿಡುತ್ತಿದ್ದರು. ಆದರೆ ಈಗ ಸ್ಟುಡಿಯೋದ ಬಿಳಿ ದೀಪದ ಕೆಳಗೆ ಅವಳು ಮಗಳ ತುಟಿ ಎತ್ತಿ ನೋಡಿದಳು. ಮೇಲಿನ ನಾಲ್ಕು ಹಲ್ಲು ವಸಡಿನ ಹತ್ತಿರ ಕಪ್ಪಗಾಗಿ ಸವೆದಿದ್ದವು. ಒಂದಂತೂ ನುಚ್ಚಕ್ಕಿಯಷ್ಟೇ ಉಳಿದಿತ್ತು. ಮಗುವಿಗೆ ಇನ್ನೂ ಮೂರು ವರ್ಷ ತುಂಬಿ ತಿಂಗಳುಗಳಷ್ಟೇ ಆಗಿದ್ದವು.

ಅದು ಎರಡು ಸಾವಿರದ ಮೂರನೇ ಇಸವಿ, ಶಿವರಾತ್ರಿ ಕಳೆದ ಹೊಸತು. ತನುಜಾ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪರೀಕ್ಷಾ ವಿಭಾಗದ ಗುಮಾಸ್ತೆ. ಬೆಳಿಗ್ಗೆ ಎಂಟೂವರೆಗೆ ಶಿವಮೊಗ್ಗದ ಹೊಸಮನೆ ಬಡಾವಣೆಯ ಮನೆ ಬಿಟ್ಟರೆ ವಾಪಸು ಬರುವಾಗ ಸಂಜೆ ದೀಪ ಹಚ್ಚುವ ಹೊತ್ತು. ಗಂಡ ಜ್ಞಾನೇಶನದು ಸವಳಂಗ ರಸ್ತೆಯಲ್ಲಿ ದಿನಸಿ ಅಂಗಡಿ. ಅದನ್ನು ಕಟ್ಟಿ ಬೆಳೆಸಿದವರು ಮಾವ ಶಿವಯೋಗಪ್ಪ. ಎರಡು ವರ್ಷದ ಹಿಂದೆ ಎದೆನೋವು ಬಂದ ಮೇಲೆ ಗಲ್ಲಾ ಮಗನಿಗೆ ಬಿಟ್ಟು ಮನೆಯಲ್ಲಿ ಕೂತಿದ್ದರು. ಹಗಲಿಡೀ ಸಿರಿ ಅಜ್ಜಿಯ ಕೈಯಲ್ಲೇ ಬೆಳೆಯುತ್ತಿದ್ದಳು. ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಅತ್ತೆ ಮಗು ನೋಡಿಕೊಳ್ಳುತ್ತಾರೆ, ಅಷ್ಟೇ.

ಸೋಮವಾರ ತನುಜಾ ರಜೆ ಹಾಕಿ ಮಗಳನ್ನು ಮಕ್ಕಳ ಡಾಕ್ಟರ್ ಯಜ್ಞನಾರಾಯಣರ ಹತ್ತಿರ ಕರೆದೊಯ್ದಳು. ಅವರು ಹಲ್ಲಿಗಿಂತ ಮೊದಲು ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು. ಏನೇನು ತಿನ್ನುತ್ತಾಳೆ ಎಂದು ಕೇಳಿದರು.

"ಊಟ ಕಡಿಮೆ ಸರ್. ಹಾಲು ಮಾತ್ರ ಚೆನ್ನಾಗಿ ಕುಡೀತಾಳೆ" ಎಂದಳು ತನುಜಾ.

"ಎಷ್ಟು?"

"ಬೆಳಿಗ್ಗೆ ಒಂದು ಬಾಟಲಿ, ಮಲಗುವಾಗ ಒಂದು."

"ನಡುವೆ?"

ನಡುವೆ ಎಷ್ಟು ಎಂದು ತನುಜಾಗೆ ಗೊತ್ತಿರಲಿಲ್ಲ. ಮಡಿಲಲ್ಲಿದ್ದ ಸಿರಿಯೇ ಉತ್ತರ ಹೇಳಿದಳು. ಅಜ್ಜಿ ಟಿವಿ ಹಾಕಿ ಬಾಟಲಿ ಕೊಡುತ್ತದೆ, ಅಜ್ಜ ಜ್ಯೂಸು ತರುತ್ತದೆ, ಅಜ್ಜ ಅಜ್ಜಿ ಚಾ ಕುಡಿಯುವಾಗ ತನಗೂ ಚಾ. ಆಮೇಲೆ ಮತ್ತೆ ಬಾಟಲಿ. ಡಾಕ್ಟರು ನಗಲಿಲ್ಲ. ಮನೆಯಲ್ಲಿ ಮಗು ನೋಡಿಕೊಳ್ಳುವವರು ಯಾರು ಎಂದು ಕೇಳಿ, ಹಾಗಾದರೆ ಅವರನ್ನೇ ಕರೆದುಕೊಂಡು ಬರಬೇಕಿತ್ತು ಎಂದರು. ಆ ಮಾತು ತನುಜಾಗೆ ಚುಚ್ಚಿತು.

ರಕ್ತ ಪರೀಕ್ಷೆಯ ಚೀಟಿ ಮಧ್ಯಾಹ್ನ ಬಂತು. ಹನ್ನೊಂದಾದರೂ ಇರಬೇಕಾದ ರಕ್ತದ ಅಂಶ ಏಳೂವರೆ ಇತ್ತು. ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆ ತುಂಬ ಹಾಲೇ ಇದ್ದರೆ ಅನ್ನಕ್ಕೆ, ಸೊಪ್ಪಿಗೆ, ಕಾಳಿಗೆ ಜಾಗವಿಲ್ಲ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಿಂದ ಚೂರುಪಾರಿನಲ್ಲಿ ಇರುವುದನ್ನೂ ಚಹಾ ಮೈಗೆ ಹತ್ತಗೊಡುವುದಿಲ್ಲ. ಸಿಹಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದರೆ ಹಲ್ಲು ಹೀಗೇ ಆಗುತ್ತದೆ.

"ದಿನಕ್ಕೆ ಎರಡು ಸಣ್ಣ ಲೋಟ ಹಾಲು. ಲೋಟದಲ್ಲೇ. ಸಕ್ಕರೆ ಬೇಡ, ಪುಡಿ ಬೇಡ. ಚಹಾ, ಕಾಫಿ, ಪ್ಯಾಕೆಟ್ ಜ್ಯೂಸು ಮರೆತುಬಿಡಿ. ಬಾಯಾರಿದರೆ ನೀರು."

"ಬರೀ ನೀರಾ ಸರ್?"

"ನೀರಿಗೆ ಇನ್ನೇನು ಸೇರಿಸ್ತೀರಮ್ಮ?" ಎಂದರು ಡಾಕ್ಟರು.

ರಾತ್ರಿ ಊಟಕ್ಕೆ ಕೂತಾಗ ತನುಜಾ ಎಲ್ಲವನ್ನೂ ಹೇಳಿದಳು. ಜ್ಞಾನೇಶ ರೊಟ್ಟಿ ಮುರಿಯುತ್ತ ಕೇಳಿದ. ಶಿವಯೋಗಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ವೀರಮ್ಮ ಬಡಿಸುತ್ತಿದ್ದ ಸೌಟನ್ನು ಸಾರಿನ ಪಾತ್ರೆಯಲ್ಲಿ ಬಿಟ್ಟು ನಿಂತರು.

"ಹಾಲು ಕೊಡಬೇಡ ಅಂತ ಹೇಳೋ ಡಾಕ್ಟರನ್ನ ನಾನು ಈಗಲೇ ನೋಡಿದ್ದು" ಎಂದರು.

"ಕೊಡಬೇಡಿ ಅಂದಿಲ್ಲ ಅತ್ತೆ. ಎರಡು ಲೋಟ ಕೊಡಿ ಅಂದಿದ್ದಾರೆ."

"ಜ್ಞಾನೇಶಂಗೆ ನಾನು ಎಷ್ಟು ಲೋಟ ಕೊಟ್ಟೆ ಅಂತ ಅಳತೆ ಇಟ್ಟಿರಲಿಲ್ಲ. ಅವನೇನು ಸತ್ತುಹೋದ್ನಾ? ಹಾಲು ಕುಡಿಸಿ ಮಗು ಹಾಳು ಮಾಡಿದೆ ಅಂತ ಈಗ ಊರಿಗೆಲ್ಲ ಸಾರು."

ಜ್ಞಾನೇಶ ಇಬ್ಬರ ನಡುವೆ ಬಂದು, ಸ್ವಲ್ಪ ಸ್ವಲ್ಪ ಕಡಿಮೆ ಮಾಡೋಣ, ಒಂದೇ ಸಲ ಎಲ್ಲ ನಿಲ್ಲಿಸಿದರೆ ಮಗು ಸೊರಗುತ್ತದೆ ಎಂದ. ಅವನ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಮೊದಲು ಬೀಳುವ ಹಲಗೆಯ ಮೇಲೆ ಮಕ್ಕಳ ಎತ್ತರ ಹೆಚ್ಚಿಸುವ, ಬುದ್ಧಿ ಬೆಳೆಸುವ ಪುಡಿಗಳ ಡಬ್ಬಗಳಿದ್ದವು. ಬಾಗಿಲ ಪಕ್ಕದಲ್ಲಿ ಮಾವಿನ ಜ್ಯೂಸಿನ ಪ್ಯಾಕೆಟ್ಟಿನ ರಾಶಿ. ಆ ರಾಶಿಯಿಂದ ದಿನಾ ಸಂಜೆ ಒಂದನ್ನು ಶಿವಯೋಗಪ್ಪ ಮೊಮ್ಮಗಳಿಗಾಗಿ ತರುತ್ತಿದ್ದರು. ಅಂಗಡಿಯವರೆಗಿನ ವಾಕಿಂಗಿಗೆ ಅದೇ ನೆಪ. ಗೇಟಿನ ಸದ್ದಾದರೆ ಸಾಕು, ಸಿರಿ "ಅಜ್ಜಾ" ಎಂದು ಓಡಿಬಂದು ಅವರ ಪಂಚೆ ಹಿಡಿಯುತ್ತಿದ್ದಳು.

"ನಾನು ತರೋ ಒಂದು ಪ್ಯಾಕೆಟ್‌ನಿಂದ ರಕ್ತ ಹೋಯ್ತಂತಾ?" ಎಂದು ಶಿವಯೋಗಪ್ಪ ಕೈ ತೊಳೆಯಲು ಎದ್ದರು. ಅವರು ಅಂದು ಆಡಿದ್ದು ಅದೊಂದೇ ಮಾತು.

ತನುಜಾ ಮನೆಯಲ್ಲಿದ್ದ ಮೂರೂ ಬಾಟಲಿಗಳನ್ನು ಹುಡುಕಿ ಕಸದ ಬುಟ್ಟಿಗೆ ಹಾಕಿದಳು. ಮುಂದಿನ ಒಂದು ವಾರ ಸಿರಿ ಮಲಗುವ ಹೊತ್ತಿಗೆ ಅಳುವುದು, ಪಕ್ಕದ ಮನೆಯ ಕಿಟಕಿ ತೆರೆಯುವುದು, ವೀರಮ್ಮ ಕೋಣೆಯ ಬಾಗಿಲಲ್ಲಿ ನಿಂತು "ಮಗು ಹೊಟ್ಟೆ ಉರಿಸಿ ಏನು ಸುಖ ಪಡ್ತಾರೋ" ಎನ್ನುವುದು ನಡೆಯಿತು. ಆಮೇಲೆ ಅಳು ಕಡಿಮೆಯಾಯಿತು. ತನುಜಾ ಐದು ಗಂಟೆಗೇ ಎದ್ದು ಮಗಳಿಗೆಂದು ಮೆತ್ತಗಿನ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಹೆಸರುಕಾಳು ಮಾಡಿ ತಟ್ಟೆಗೆ ಹಾಕಿ ಮುಚ್ಚಿಟ್ಟು ಬಸ್ಸಿಗೆ ಓಡುತ್ತಿದ್ದಳು. ಸಂಜೆ ಬಂದು ಕೇಳಿದರೆ ವೀರಮ್ಮ "ತಿಂದಳು" ಎನ್ನುತ್ತಿದ್ದರು. ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಟಾನಿಕ್ಕಿನ ಹನಿಯನ್ನು ತನುಜಾ ತಾನೇ ಹಾಕುತ್ತಿದ್ದಳು. ಇನ್ನೇನು ದಾರಿಗೆ ಬಂತು ಎಂದುಕೊಂಡಳು.

ಒಂದು ದಿನ ವಿದ್ಯಾರ್ಥಿಗಳ ಮುಷ್ಕರ ನಡೆದು ಕಚೇರಿಯನ್ನು ಮಧ್ಯಾಹ್ನವೇ ಮುಚ್ಚಿದರು. ತನುಜಾ ಎರಡು ಗಂಟೆಗೆ ಮನೆಗೆ ಬಂದಳು. ನಡುಮನೆಯಲ್ಲಿ ಟಿವಿ ಹಚ್ಚಿತ್ತು. ಚಾಪೆಯ ಮೇಲೆ ಸಿರಿ ಅಂಗಾತ ಮಲಗಿ, ಕಾಲ ಮೇಲೆ ಕಾಲು ಹಾಕಿಕೊಂಡು ಬಾಟಲಿ ಚೀಪುತ್ತಿದ್ದಳು. ಹೊಸ ಬಾಟಲಿ, ಮೈಮೇಲೆ ಆನೆಯ ಚಿತ್ರ. ಒಳಗಿನ ಹಾಲು ಪುಡಿ ಬೆರೆತು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆಯಲ್ಲಿ ಬೆಳಿಗ್ಗೆ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು. ರೊಟ್ಟಿಯ ಅಂಚು ಒಣಗಿ ಮೇಲೆದ್ದಿತ್ತು. ವೀರಮ್ಮ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು.

"ದಿನಾ ತಿಂದಳು ಅಂದ್ರಲ್ಲ ಅತ್ತೆ, ಇದೇನು?"

ವೀರಮ್ಮ ತಿರುಗಿ ನೋಡಿದರು. ಸಿಕ್ಕಿಬಿದ್ದೆನೆಂಬ ಅಳುಕು ಅವರ ಮುಖದಲ್ಲಿ ಒಂದು ಗಳಿಗೆ ಕಂಡು ಹೋಯಿತು. ಆಮೇಲೆ ಸ್ವರ ಏರಿತು. ಮಗು ತಿನ್ನದಿದ್ದರೆ ತಾನು ಬಾಯಿಗೆ ತುರುಕಬೇಕಾ, ಉಪವಾಸ ಕೆಡವಬೇಕಾ, ಬಸ್ಸು ಹತ್ತಿ ಹೋಗುವವರಿಗೆ ಮನೆಯಲ್ಲಿರುವವರ ಪಾಡು ಏನು ಗೊತ್ತು ಎಂದರು. ಮುಚ್ಚಿಟ್ಟ ಊಟವನ್ನು ದಿನಾ ಹಾಲು ತರುವವಳ ಹಸುವಿಗೆ ಹಾಕುತ್ತಿದ್ದಿರಾ ಎಂದು ತನುಜಾ ಕೇಳಿದಳು. ಹೌದು, ಹಾಕುತ್ತಿದ್ದೆ, ಏನೀಗ ಎಂದರು ವೀರಮ್ಮ. ಸಿರಿ ಬಾಟಲಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಇಬ್ಬರ ಮುಖ ನೋಡುತ್ತಿದ್ದಳು.

ಬಾಟಲಿ ಬಂದದ್ದು ಜ್ಞಾನೇಶನ ಅಂಗಡಿಯಿಂದಲೇ. ಸಂಜೆ ತನುಜಾ ಅವನನ್ನು ಕೋಣೆಗೆ ಕರೆದು ಕೇಳಿದಾಗ ಅವನು ಮುಚ್ಚಿಡಲಿಲ್ಲ.

"ಅಮ್ಮ ಕೇಳಿದ್ರು, ಕೊಟ್ಟೆ."

"ಡಾಕ್ಟರ್ ಹೇಳಿದ್ದು ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅಮ್ಮಂಗೆ ಇಲ್ಲ ಅನ್ನೋಕಾಗುತ್ತಾ? ನೀನಿಲ್ಲದಾಗ ನೋಡ್ಕೊಳ್ಳೋದು ಅವರು ಮಾರಾಯ್ತಿ."

"ಅವಳು ನಿಮ್ಮ ಮಗಳೂ ಹೌದು" ಎಂದಳು ತನುಜಾ. ಅವನು ಅಂಗಡಿ ಮುಚ್ಚುವ ನೆಪ ಹೇಳಿ ಸ್ಕೂಟರ್ ಹತ್ತಿದ. ಅಂಗಡಿ ಮುಚ್ಚಲು ಇನ್ನೂ ಎರಡು ತಾಸಿತ್ತು.

ಮರುದಿನ ತನುಜಾ ಮಗಳನ್ನೂ ಒಂದು ಬ್ಯಾಗನ್ನೂ ಎತ್ತಿಕೊಂಡು ಭದ್ರಾವತಿಯ ತವರಿಗೆ ಹೊರಟಳು. ಜನ್ನಾಪುರದಲ್ಲಿ ಅವಳ ಅಪ್ಪ ಧರ್ಮಪ್ಪ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕಟ್ಟಿದ ಸಣ್ಣ ಮನೆ. ಅಲ್ಲಿಂದ ಶಂಕರಘಟ್ಟ ಇನ್ನೂ ಹತ್ತಿರ. ಒಂದು ತಿಂಗಳು ಇಲ್ಲೇ ಇದ್ದು ಮಗಳ ಅಭ್ಯಾಸ ಬಿಡಿಸಿ ಕರೆದೊಯ್ಯುತ್ತೇನೆ, ಅಮ್ಮನಾದರೆ ಹೇಳಿದ ಮಾತು ಕೇಳುತ್ತಾಳೆ ಎಂಬುದು ಅವಳ ಲೆಕ್ಕವಾಗಿತ್ತು. ಅಮ್ಮ ವಿಶಾಲಮ್ಮ ಮಗಳು ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿದರು. ಬೀಗಿತ್ತಿಯನ್ನು ಬೈಯಲು ಸಿಕ್ಕ ಅವಕಾಶವನ್ನೂ ಬಿಡಲಿಲ್ಲ.

ಮೊದಲ ಕೆಲವು ದಿನ ತನುಜಾ ರಜೆಯಲ್ಲಿದ್ದಳು. ಬೆಳಗಿನಿಂದ ಸಂಜೆವರೆಗೆ ಮಗಳ ಜೊತೆ ಒಬ್ಬಳೇ ಇರುವುದು ಅವಳಿಗೆ ಹೆರಿಗೆ ರಜೆಯ ನಂತರ ಇದೇ ಮೊದಲು. ಸಿರಿ ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಓಡುತ್ತಿದ್ದಳು, ಅಂಗಳದ ಮೂಲೆಗೆ ಉಗಿಯುತ್ತಿದ್ದಳು. ಬಾಯಾರಿತೆಂದು ನೀರು ಕೊಟ್ಟರೆ ಲೋಟ ತಳ್ಳಿ "ಇದು ಬೇಡ, ಬಣ್ಣದ್ದು" ಎಂದು ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಒಂದು ಊಟ ಮುಗಿಯುವಾಗ ಗಂಟೆಯ ಮೇಲಾಗಿ ತನುಜಾಳ ಸೊಂಟ ಬಿದ್ದುಹೋಗುತ್ತಿತ್ತು. ಒಂದು ಸಲ ಮಗಳ ಬೆನ್ನಿಗೆ ಹೊಡೆದೂ ಬಿಟ್ಟಳು. ಆದರೆ ಹಿಡಿದ ಹಟ ಬಿಡಲಿಲ್ಲ. ಸಿರಿ ಅರ್ಧ ರೊಟ್ಟಿ ತಿನ್ನುವ ಹಂತಕ್ಕೆ ಬಂದಳು.

ರಜೆ ಮುಗಿದು ಕೆಲಸಕ್ಕೆ ಹೋದ ಎರಡನೇ ದಿನ ಸಂಜೆ ತನುಜಾ ಬಂದಾಗ, ಧರ್ಮಪ್ಪ ಜಗಲಿಯ ಮೇಲೆ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಬನ್ನನ್ನು ಸಾಸರಿನ ಚಹಾದಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಬನ್ನು ಮುಗಿದ ಮೇಲೆ ಸಿರಿ ಸಾಸರನ್ನು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಕುಡಿದಳು.

ಶಿವಮೊಗ್ಗದಲ್ಲಿ ಆಡಲಾಗದ ಮಾತನ್ನೆಲ್ಲ ತನುಜಾ ಇಲ್ಲಿ ಆಡಿದಳು. ಧರ್ಮಪ್ಪ ಸಾಸರ್ ಹಿಡಿದು ಒಳಗೆ ಹೋದರು. ಗಂಡನಿಗಾದ ಅವಮಾನ ವಿಶಾಲಮ್ಮನಿಗೆ ತಡೆಯಲಿಲ್ಲ.

"ಒಂದು ಸಾಸರ್ ಚಹಾಕ್ಕೆ ಅಪ್ಪನ ಮೇಲೆ ಹಿಂಗೆ ಕೂಗ್ತೀಯಾ? ನೀನು ಬೆಳೆದಿದ್ದೂ ಇದರಲ್ಲೇ."

"ಅದಕ್ಕೇ ಸಿರಿ ಹೊಟ್ಟೇಲಿದ್ದಾಗ ನನಗೂ ರಕ್ತ ಇರಲಿಲ್ಲ. ಮರೆತುಹೋಯ್ತಾ?"

"ಹಂಗಾದ್ರೆ ಕೆಲಸ ಬಿಟ್ಟು ನೀನೇ ನೋಡ್ಕೋ. ಯಾರ ಮನೇಲಿ ಬಿಟ್ಟರೂ ಆ ಮನೆ ಪದ್ಧತಿನೇ ನಡೆಯೋದು. ನಿಮ್ಮತ್ತೆ ಕೈಲಿ ಆಗದ್ದು ನನ್ನ ಕೈಲಿ ಆಗುತ್ತಾ?"

ಅಮ್ಮ ಇಷ್ಟು ಬೇಗ ಅತ್ತೆಯ ಪಕ್ಷ ಸೇರುತ್ತಾಳೆ ಎಂದು ತನುಜಾ ಎಣಿಸಿರಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ. ಬಂದ ಭಾನುವಾರವೇ ಬ್ಯಾಗು ಕಟ್ಟಿದಳು. ಯಾರೂ ಇರು ಅನ್ನಲಿಲ್ಲ.

ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಸುಡುತ್ತಿತ್ತು. ಬಸ್ಸು ತುಂಬುವವರೆಗೆ ಬಿಡುವುದಿಲ್ಲ ಎಂದು ಕಂಡಕ್ಟರ್ ಕೆಳಗೆ ನಿಂತಿದ್ದ. ಕಿಟಕಿಯ ಹೊರಗೆ ಒಬ್ಬ ಬಕೆಟಿನಲ್ಲಿ ಐಸು ಹಾಕಿ ಜ್ಯೂಸಿನ ಪ್ಯಾಕೆಟ್ಟು ಮಾರುತ್ತಿದ್ದ. ಸಿರಿ ಅದನ್ನು ಕಂಡಳು. ಮೊದಲು ಕೇಳಿದಳು, ಆಮೇಲೆ ಅತ್ತಳು, ಆಮೇಲೆ ಸೀಟಿನಿಂದ ಜಾರಿ ಕೆಳಗೆ ಮಲಗಿ ಕೈಕಾಲು ಬಡಿದಳು. ತನುಜಾ ನೀರಿನ ಬಾಟಲಿ ತೆಗೆದು ಕೊಟ್ಟಳು. ಸಿರಿ ಅದನ್ನು ತಳ್ಳಿದ ಹೊಡೆತಕ್ಕೆ ಮುಂದಿನ ಸೀಟಿನವರ ಶರಟು ಒದ್ದೆಯಾಯಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಪಕ್ಕದ ಹೆಂಗಸು, "ಪಾಪ, ಒಂದು ಕೊಡಿಸಬಾರದಾ" ಎಂದಳು.

ತನುಜಾ ಕಿಟಕಿಯಿಂದ ಕೈ ಚಾಚಿ ಪ್ಯಾಕೆಟ್ಟು ತೆಗೆದುಕೊಂಡಳು. ತಾನೇ ಸ್ಟ್ರಾ ಚುಚ್ಚಿ ಮಗಳ ಬಾಯಿಗೆ ಇಟ್ಟಳು. ಅಳು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಬಸ್ಸು ಹೊರಟು ಊರು ದಾಟುವಷ್ಟರಲ್ಲಿ ಸಿರಿ ಅವಳ ತೋಳಿನ ಮೇಲೆ ನಿದ್ದೆಹೋಗಿದ್ದಳು. ತನುಜಾಗೆ ಎಷ್ಟೋ ದಿನಗಳ ಮೇಲೆ ಒಂದಿಷ್ಟು ಹೊತ್ತು ಸುಮ್ಮನೆ ಕೂರಲು ಸಿಕ್ಕಿತು. ಹಾಗೆ ಸಿಕ್ಕಿದ್ದಕ್ಕೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಅಳು ಬಂತು. ಖಾಲಿ ಪ್ಯಾಕೆಟ್ಟನ್ನು ಶಿವಮೊಗ್ಗ ಬರುವ ಮೊದಲೇ ಕಿಟಕಿಯಿಂದ ಹೊರಗೆ ಎಸೆದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮನೆಗೆ ಬಂದು ವಾರವಾಗುವ ಮೊದಲೇ ಸಿರಿಯ ಮೇಲ್ದುಟಿ ಊದಿಕೊಂಡಿತು. ಬೆಳಗಾಗುವಷ್ಟರಲ್ಲಿ ಬಾವು ಮೂಗಿನವರೆಗೆ ಏರಿ, ಮೈ ಕೆಂಡದಂತೆ ಸುಡುತ್ತಿತ್ತು. ಹಲ್ಲಿನ ಬುಡದಲ್ಲಿ ಕೀವು ಕಟ್ಟಿದೆ ಎಂದರು ಹಲ್ಲಿನ ಡಾಕ್ಟರು. ಔಷಧಿ ಕೊಟ್ಟು ಜ್ವರ ಇಳಿಸಿ, ಆಮೇಲೆ ನಾಲ್ಕೂ ಹಲ್ಲು ತೆಗೆಯಬೇಕು, ಬೇರೆ ದಾರಿ ಇಲ್ಲ ಎಂದರು. ಹೊಸ ಹಲ್ಲು ಬರಲು ಇನ್ನೂ ಮೂರು ನಾಲ್ಕು ವರ್ಷ ಬೇಕಂತೆ.

ತೆಗೆಯುವ ದಿನ ಜ್ಞಾನೇಶ, ತನುಜಾ, ವೀರಮ್ಮ ಮೂವರೂ ಹೋದರು. ವೀರಮ್ಮನನ್ನು ಯಾರೂ ಕರೆದಿರಲಿಲ್ಲ. ಆಟೋ ಬಂದಾಗ ಅವರೇ ಸೀರೆ ಸರಿಮಾಡಿಕೊಂಡು ಹತ್ತಿ ಕೂತಿದ್ದರು. ಮಗುವನ್ನು ಅಲ್ಲಾಡದಂತೆ ಹಿಡಿಯಲು ಇಬ್ಬರು ಬೇಕು ಎಂದರು ಡಾಕ್ಟರು. ಜ್ಞಾನೇಶ ಕಾಲು ಹಿಡಿದ. ತನುಜಾ ತಲೆ ಹಿಡಿದವಳು ಸೂಜಿ ಕಂಡೊಡನೆ ಕೈ ಬಿಟ್ಟುಬಿಟ್ಟಳು. ವೀರಮ್ಮ ಅವಳನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳ ತಲೆಯನ್ನು ಎರಡೂ ಅಂಗೈ ನಡುವೆ ಗಟ್ಟಿಯಾಗಿ ಹಿಡಿದು ನಿಂತರು. ಸಿರಿ "ಅಜ್ಜಿ, ಬಿಡು" ಎಂದು ಕಿರುಚಿದಳು. ಅವರು ಬಿಡಲಿಲ್ಲ. ಬಾಯಲ್ಲಿ ಶಿವ ಶಿವ ಎನ್ನುತ್ತಿದ್ದರು. ಹಲ್ಲುಗಳು ಒಂದೊಂದಾಗಿ ಸ್ಟೀಲ್ ತಟ್ಟೆಗೆ ಬಿದ್ದ ಸದ್ದು ಮೂವರಿಗೂ ಕೇಳಿಸಿತು.

ಕ್ಲಿನಿಕ್ ಮೊದಲನೇ ಮಹಡಿಯಲ್ಲಿತ್ತು. ಜ್ಞಾನೇಶ ಮಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಹಿಂದೆ ಬರುತ್ತಿದ್ದ ವೀರಮ್ಮ ಎರಡು ಮೆಟ್ಟಿಲು ಇಳಿದು ನಿಂತುಬಿಟ್ಟರು. ಕಂಬಿ ಹಿಡಿದ ಕೈ ಬಿಗಿದಿತ್ತು, ಹಣೆಯ ಮೇಲೆ ಬೆವರು. ತನುಜಾ ತೋಳು ಹಿಡಿಯಲು ಹೋದರೆ ಕೊಸರಿಕೊಂಡರು. ಆಮೇಲೆ ಮಕ್ಕಳಂತೆ ಒಂದೊಂದೇ ಮೆಟ್ಟಿಲ ಮೇಲೆ ಎರಡೂ ಕಾಲಿಟ್ಟು ಇಳಿದರು.

ಅಂದು ಸಂಜೆ ಅಡುಗೆಮನೆಯಲ್ಲಿ ತನುಜಾ ಸಿರಿಗೆಂದು ಗಂಜಿ ಆರಿಸುತ್ತಿದ್ದಳು. ವೀರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ತನುಜಾ, ಕಾಲು ಯಾವಾಗಿನಿಂದ ಹೀಗಿದೆ ಎಂದು ಕೇಳಿದಳು. ಅಷ್ಟು ಕೇಳಿದ್ದೇ ವೀರಮ್ಮನ ಕಟ್ಟೆ ಒಡೆಯಿತು.

"ನೀನು ಬೆಳಿಗ್ಗೆ ತಟ್ಟೆ ಮುಚ್ಚಿಟ್ಟು ಹೋಗ್ತೀಯ. ಆ ತಟ್ಟೆ ಹಿಡ್ಕೊಂಡು ಅವಳ ಹಿಂದೆ ಓಡೋರು ಯಾರು? ಅಂಗಳಕ್ಕೆ ಓಡ್ತಾಳೆ, ಗೇಟು ತೆಗೆದು ರಸ್ತೆಗೆ ಓಡ್ತಾಳೆ. ನಾನು ಕೂತರೆ ಏಳಕ್ಕಾಗಲ್ಲ, ಎದ್ದರೆ ಕೂರಕ್ಕಾಗಲ್ಲ. ಬಾಟಲಿ ಕೊಟ್ಟರೆ ಒಂದು ಕಡೆ ಬಿದ್ದಿರ್ತಾಳೆ. ಅಷ್ಟು ಹೊತ್ತು ನಾನೂ ಕಾಲು ಚಾಚ್ತೀನಿ."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ಏನಂತ ಹೇಳ್ಲಿ? ಮೊಮ್ಮಗಳನ್ನ ನೋಡ್ಕೊಳ್ಳೋಕೆ ಆಗಲ್ಲ ಅಂತಾನಾ? ನೀನು ಕೆಲಸ ಬಿಟ್ಟರೆ ಅದೂ ನನ್ನ ತಲೆ ಮೇಲೆ ಬರುತ್ತೆ. ಆಯಾನ ಇಟ್ಟರೆ, ಮತ್ತೆ ಈ ಮನೇಲಿ ನಾನ್ಯಾಕೆ?"

ತನುಜಾ ಗಂಜಿ ಕಲಕುತ್ತಲೇ ಇದ್ದಳು. ಇಷ್ಟು ದಿನ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಈಗ ಕೆಲಸಕ್ಕೆ ಬರಲಿಲ್ಲ. ತಟ್ಟೆ ಹಿಡಿದು ಓಡಿದ ಭದ್ರಾವತಿಯ ಆ ದಿನಗಳು, ತನ್ನ ಮೂವತ್ತರ ಸೊಂಟವೇ ಬಿದ್ದುಹೋದದ್ದು ನೆನಪಾಯಿತು. ಹಾಗೆಂದು ಸಿಟ್ಟೇನೂ ಇಳಿಯಲಿಲ್ಲ. ಅದು ನಡುಮನೆಯಲ್ಲಿ ಕೂತು ಟಿವಿಯ ಸುದ್ದಿ ನೋಡುತ್ತಿದ್ದ ಗಂಡನ ಕಡೆ ತಿರುಗಿತು. ಅವಳು ಬಟ್ಟಲು ಹಿಡಿದುಕೊಂಡೇ ಅವನ ಮುಂದೆ ಹೋಗಿ ನಿಂತಳು.

"ನಾಳೆಯಿಂದ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಮನೆಗೆ ಬನ್ನಿ. ಮಗಳಿಗೆ ನೀವು ಉಣಿಸಿ."

ಜ್ಞಾನೇಶ ನಕ್ಕ. ಅವಳು ನಗಲಿಲ್ಲ ಎಂದು ಕಂಡ ಮೇಲೆ, ಮಧ್ಯಾಹ್ನ ಬಾಗಿಲು ಹಾಕಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ, ವ್ಯಾಪಾರ ಹಾಗೆಲ್ಲ ನಡೆಯುವುದಿಲ್ಲ ಎಂದ. ಅಮ್ಮ ಇಷ್ಟು ದಿನ ಮಾಡಿದ್ದಾರೆ, ಇನ್ನೂ ನಾಲ್ಕು ದಿನ ಮಾಡುತ್ತಾರೆ ಎಂದ.

"ಅಮ್ಮನ ಕೈಲಿ ಆಗಲ್ಲ" ಎಂದರು ವೀರಮ್ಮ ಬಾಗಿಲಿನಿಂದ. ಮಗನ ಎದುರು ಅವರು ಹಾಗೆ ಹೇಳಿದ್ದು ಅದೇ ಮೊದಲು.

ಆಗ ಮೂಲೆಯ ಕುರ್ಚಿಯಿಂದ ಶಿವಯೋಗಪ್ಪ, "ಆ ಎರಡು ತಾಸು ಗಲ್ಲಾದಲ್ಲಿ ನಾನು ಕೂರ್ತೀನಿ. ಸುಮ್ನೆ ಕೂರೋಕೆ ಎದೆನೋವೇನು ಅಡ್ಡ ಬರಲ್ಲ" ಎಂದರು. ಆಗಲಿ ಎಂದು ಜ್ಞಾನೇಶ ಟಿವಿ ಆರಿಸಿದ.

ಮೊದಲ ದಿನವೇ ಅವನು ತನುಜಾಳ ಕಚೇರಿಗೆ ಫೋನ್ ಮಾಡಿದ. ಸೂಪರಿಂಟೆಂಡೆಂಟರ ಮೇಜಿನ ಮೇಲಿದ್ದ ಫೋನು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಬಾಯೇ ತೆಗೀತಿಲ್ಲ ಕಣೆ. ಮುಕ್ಕಾಲು ಗಂಟೆ ಆಯ್ತು."

"ಕಾಯಿರಿ."

"ಇನ್ನೂ ಎಷ್ಟು ಹೊತ್ತು?"

"ನಿಮ್ಮಮ್ಮನ್ನ ಕೇಳಿ" ಎಂದು ತನುಜಾ ಫೋನಿಟ್ಟಳು.

ಮೊದಲ ವಾರ ಅವನು ಮೂರು ಸಲ ಮಗಳ ಮೇಲೆ ಕೂಗಿದ, ಒಂದು ಸಲ ತಾಯಿಯ ಮೇಲೆ. ಅಂಗಡಿಗೆ ಹೋಗುವಾಗ ಅಂಗಿಯ ಮೇಲೆ ಬೇಳೆಯ ಕಲೆ. ಒಂದು ಮಧ್ಯಾಹ್ನ ಸೋತು ಬಾಟಲಿಗಾಗಿ ಕಪಾಟು ತಡಕಿದನಂತೆ. ಅದು ಅಲ್ಲಿರಲಿಲ್ಲ. ವೀರಮ್ಮ ಅದನ್ನು ಹಾಲು ತರುವವಳ ಮನೆಯ ಕರುವಿಗೆ ಕೊಟ್ಟುಬಿಟ್ಟಿದ್ದರು. ಯಾಕೆ ಕೊಟ್ಟೆ ಎಂದು ಕೇಳಿದ್ದಕ್ಕೆ, ಕರುವಿಗಾದರೂ ಹಲ್ಲು ಗಟ್ಟಿ ಇದೆ ಎಂದರಂತೆ.

ಎಲ್ಲ ಸರಿಹೋಯಿತು ಅನ್ನುವ ಹಾಗೇನೂ ಇರಲಿಲ್ಲ. ಮುಂದಿನ ಹಲ್ಲಿಲ್ಲದ ಸಿರಿಗೆ ರೊಟ್ಟಿ ಕಚ್ಚಲು ಬರುತ್ತಿರಲಿಲ್ಲ. ಮಾತಿನಲ್ಲಿ ಸಕಾರ ತೊದಲುತ್ತಿತ್ತು. ನರ್ಸರಿಗೆ ಸೇರಿದ ಮೇಲೆ ಅಲ್ಲಿಯ ಮಕ್ಕಳು ಬೊಚ್ಚಿ ಎಂದು ಕರೆದರು. ಲೋಟದ ಸಪ್ಪೆ ಹಾಲನ್ನು ಮುಖ ಸಿಂಡರಿಸಿಕೊಂಡೇ ಕುಡಿಯುತ್ತಿದ್ದಳು, ಕೆಲವು ದಿನ ಚೆಲ್ಲುತ್ತಿದ್ದಳು. ಆದರೆ ಬೇಳೆಯಲ್ಲಿ ಕಲಸಿದ ಮೆತ್ತಗಿನ ಅನ್ನ ಒಳಗೆ ಹೋಗತೊಡಗಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸಿದಾಗ ರಕ್ತ ಒಂಬತ್ತು ದಾಟಿತ್ತು. ಡಾಕ್ಟರು ಹೊಗಳಲಿಲ್ಲ. ಹೀಗೇ ಮುಂದುವರಿಸಿ ಎಂದರು.

ಶಿವಯೋಗಪ್ಪನವರು ಮಾತ್ರ ಪೂರ್ತಿ ಹತೋಟಿಗೆ ಬರಲಿಲ್ಲ. ಗಲ್ಲಾದಲ್ಲಿ ಕೂತು ಬರುವಾಗ ಒಂದು ದಿನ ಅವರ ಅಂಗಿಯ ಜೇಬಿನಲ್ಲಿ ಸ್ಟ್ರಾ ಸಿಕ್ಕಿತು. ಕಂಡುಹಿಡಿದವರು ಬಟ್ಟೆ ನೆನೆಸಲು ಹೋಗಿದ್ದ ವೀರಮ್ಮ. ತನುಜಾ ಏನು ಹೇಳಬೇಕೆಂದಿದ್ದಳೋ ಅದಕ್ಕಿಂತ ಎರಡು ಪಟ್ಟು ಮಾತು ಅವರೇ ಹೇಳಿದರು. ಮಗುವಿನ ತಲೆ ಹಿಡಿದು ನಿಂತವಳು ನಾನು, ನೀವಲ್ಲ ಎಂದರು. ಶಿವಯೋಗಪ್ಪ ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟರು.

ಆಷಾಢಕ್ಕೆ ಮೊದಲು ವೀರಮ್ಮನ ದೊಡ್ಡಪ್ಪನ ಮಗಳು ವಸಂತಮ್ಮ ವಿನೋಬನಗರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಪರೀಕ್ಷೆಯ ಕೆಲಸವಿದ್ದುದರಿಂದ ತನುಜಾಗೆ ರಜೆ ಸಿಗಲಿಲ್ಲ. ವೀರಮ್ಮ ಸಿರಿಯನ್ನು ಕರೆದುಕೊಂಡು ಹೋದರು. ಅಲ್ಲಿ ಬಣ್ಣದ ಪಾನಕ, ಜ್ಯೂಸು, ಹತ್ತೆಂಟು ಕೈ ಮಗುವಿನ ಕಡೆ ಚಾಚುತ್ತವೆ, ಅಜ್ಜಿ ದಾಕ್ಷಿಣ್ಯಕ್ಕೆ ಬೀಳದೆ ಇರುವುದಿಲ್ಲ ಎಂದು ತನುಜಾ ಕಚೇರಿಯಲ್ಲಿ ಕೂತು ಇಡೀ ದಿನ ಚಡಪಡಿಸಿದಳು.

ಸಂಜೆ ಅವಳು ಮನೆಗೆ ಬಂದಾಗ ಆಟೋದಿಂದ ಇಳಿಯುತ್ತಿದ್ದ ವೀರಮ್ಮನ ಮುಖ ಕೆಂಪಾಗಿತ್ತು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. ವಸಂತಮ್ಮ ತಾನೇ ಲೋಟ ಹಿಡಿದು ಬಂದಳಂತೆ. ಬೇಡ, ನೀರು ಕೊಡು ಅಂದದ್ದಕ್ಕೆ, ನಮ್ಮ ಮನೆಯದೇನು ವಿಷವಾ ಎಂದಳಂತೆ. ಅಷ್ಟು ಜನರ ಎದುರು, ವೀರಕ್ಕ ಈಗ ಸೊಸೆ ಹಾಕಿದ ಗೆರೆ ದಾಟಲ್ಲ ಬಿಡಿ ಅಂತ ನಕ್ಕಳಂತೆ. ಉಳಿದವರೂ ನಕ್ಕರಂತೆ.

"ನಲವತ್ತು ವರ್ಷದಲ್ಲಿ ನನಗೆ ಹಂಗೆ ಯಾರೂ ಅಂದಿರಲಿಲ್ಲ. ನಿನ್ನಿಂದ ಅನ್ನಿಸ್ಕೊಂಡೆ. ಇನ್ಮೇಲೆ ಇವಳನ್ನ ಕರ್ಕೊಂಡು ಎಲ್ಲಿಗೂ ಹೋಗಲ್ಲ, ಹೇಳಿರ್ತೀನಿ."

ತನುಜಾ ಅವರ ಕೈಯಿಂದ ತಾಂಬೂಲದ ಚೀಲ ತೆಗೆದುಕೊಂಡಳು. ಕೇಳಬಾರದು ಎಂದುಕೊಂಡರೂ ತಡೆಯಲಾಗಲಿಲ್ಲ.

"ಕುಡಿದಳಾ ಅತ್ತೆ?"

"ಏನು?"

"ಜ್ಯೂಸು."

ವೀರಮ್ಮ ಬಾಗಿಲ ಚೌಕಟ್ಟು ಹಿಡಿದು, ನೋಯುವ ಕಾಲನ್ನು ಮೆಲ್ಲಗೆ ಹೊಸ್ತಿಲ ಆಚೆಗಿಟ್ಟರು.

"ನಾನು ಪಕ್ಕದಲ್ಲೇ ಕೂತಿರುವಾಗ ಹೆಂಗೆ ಕುಡೀತಾಳೆ?" ಎಂದು ಸಿಟ್ಟಿನಿಂದಲೇ ಹೇಳಿ, ಸೀರೆ ಬದಲಿಸಲು ಒಳಗೆ ಹೋದರು.